ರಕ್ಷಾಪುಟದ ಒಳಮೈ

ಪತ್ರಿಕೆಯ ನಾಲ್ಕು ಸಂಚಿಕೆಗಳನ್ನು ಸೇರಿಸಿ ಬೈಂಡಿಗೆ ಕಳಿಸುವ ಮೊದಲು ಪ್ರತಿ ಸಂಚಿಕೆಯ ಹಿಂದುಮುಂದಿನ ರಕ್ಷಾಪುಟವನ್ನು ಕಿತ್ತುಹಾಕಬೇಕು. ನಡುನಡುವೆ ದಪ್ಪ ಹಾಳೆ ಬಂದರೆ ಹೊಲಿಗೆ ಕೂಡುವುದಿಲ್ಲ, ಸಂಪುಟದ ಬೆನ್ನು ಉಬ್ಬುತ್ತದೆ. ಗ್ರಂಥಾಲಯ ವಿಜ್ಞಾನದ ಡಿಪ್ಲೊಮಾದಲ್ಲಿ ಇದನ್ನು ನಮಗೆ ಕಲಿಸಿದ ಮೇಷ್ಟ್ರು ಮೂಗಿನಲ್ಲಿ ಮಾತಾಡುತ್ತಿದ್ದರು. “ರಕ್ಷಾಪುಟದ ಕೆಲಸ ರಕ್ಷಣೆ. ಬೈಂಡು ಬಂದ ಮೇಲೆ ಅದಕ್ಕೆ ನಿವೃತ್ತಿ” ಎಂದಿದ್ದರು. ಅವರದೇ ದನಿಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿ ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ.

ನಾನು ಗುರುನಾಥ, ಹುಮನಾಬಾದಿನ ಒಂದು ಕಾಲೇಜಿನಲ್ಲಿ ಗ್ರಂಥಾಲಯ ಸಹಾಯಕ. ಗ್ರಂಥಪಾಲಕರು ನಿವೃತ್ತರಾಗಿ ಒಂಬತ್ತು ವರ್ಷವಾದರೂ ಹುದ್ದೆ ತುಂಬಿಲ್ಲ. ಹೀಗಾಗಿ ಐವತ್ತು ದಾಟಿದ ಈ ವಯಸ್ಸಿನಲ್ಲೂ ನಾನು ಗ್ರಂಥಬಾಲಕ. ಓದುವ ಕೋಣೆಯಲ್ಲಿ ಈಗ ಓದುವವರು ಕಡಿಮೆ. ಮೊಬೈಲು ಚಾರ್ಜಿಗೆ ಹಾಕಿ ಕಾಯುವವರು ಹೆಚ್ಚು. ಅವರಿಗೆ ಬೇಸರವಾದರೆ ಪ್ರಿನ್ಸಿಪಾಲರ ಕೆಮ್ಮು, ಬಸ್ ನಿಲ್ದಾಣದ ಧ್ವನಿವರ್ಧಕ, ಯಾರದು ಬೇಕೋ ಅವರ ದನಿ ತೆಗೆದು ತೋರಿಸುತ್ತೇನೆ.

ಕಳೆದ ಫೆಬ್ರುವರಿಯ ಒಂದು ಮಧ್ಯಾಹ್ನ ಒಬ್ಬ ಹುಡುಗಿ ನೇರ ನನ್ನ ಮೇಜಿಗೆ ಬಂದಳು. ಹೆಗಲಿಗೆ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ನೀರಿನ ಬಾಟಲಿ. ಚಾರ್ಜಿಗೆ ಬಂದವಳೆಂದುಕೊಂಡೆ.

“ಸರ್, ‘ಕಲ್ಲುಮಾತು’ ಅದ ಏನ್ರಿ? ಹನ್ನೊಂದನೇ ಸಂಪುಟ, ಮೂರನೇ ಸಂಚಿಕೆ.”

ಆ ಹೆಸರನ್ನು ಯಾರ ಬಾಯಲ್ಲೂ ಕೇಳದೆ ಬಹಳ ಕಾಲವಾಗಿತ್ತು. “ಅದ, ಆದರ ಇಲ್ಲ” ಎಂದೆ.

“ಅಂದ್ರ?”

“ಕಂಪ್ಯೂಟರಿನ್ಯಾಗ ಅದ, ಕಪಾಟಿನ್ಯಾಗ ಇಲ್ಲ. ಕಂಪ್ಯೂಟರಿನ್ಯಾಗ ಇದ್ದದ್ದೂ ನಮಗ ಕಾಣಂಗಿಲ್ಲ. ಲಾಗಿನ್ ಇದ್ದವರು ಒಳಗ, ನಾವು ಹೊರಗಿನ್.”

ಅವಳು ನಗಲಿಲ್ಲ. ಲ್ಯಾಪ್‌ಟಾಪ್ ತೆಗೆದು ನನ್ನತ್ತ ತಿರುಗಿಸಿದಳು. “ನನಗ ಕಾಣ್ತದ್ರಿ, ಯೂನಿವರ್ಸಿಟಿ ಲಾಗಿನ್ ಅದ. ನೋಡ್ರಿ, ನಿಮ್ಮ ಸಿಕ್ಕಾನೇ ಅದ.”

ಪರದೆಯ ಮೇಲೆ ಸಂಪುಟದ ಮೊದಲ ಪುಟವಿತ್ತು. ಮೂಲೆಯಲ್ಲಿ ನಮ್ಮ ಗ್ರಂಥಾಲಯದ ದುಂಡನೆಯ ನೇರಳೆ ಮುದ್ರೆ, ಅದರ ಕೆಳಗೆ ನನ್ನದೇ ಕೈಬರಹದ ದಾಖಲೆ ನಂಬರು. ಮಾರಿದ ಮನೆಯ ಗೋಡೆಯ ಮೇಲೆ ಮಗುವಾಗಿದ್ದಾಗ ಗೀಚಿದ ಹೆಸರನ್ನು ಕಿಟಕಿಯಿಂದ ಇಣುಕಿ ನೋಡಿದ ಹಾಗಾಯಿತು.

“ಇದ್ದದ್ದು ಸಿಕ್ಕದಲ್ಲಮ್ಮಾ, ಮತ್ತೇನು?”

“ನನಗ ಬೇಕಾದದ್ದು ಇದರಾಗ ಇಲ್ರಿ ಸರ್. ನಲವತ್ತೆಂಟು ಪುಟಾನೂ ಅದಾವ, ಕವರ್ ಇಲ್ಲ. ಹಿಂದಿನ ಕವರಿನ ಒಳಗಿನ ಮೈ ಬೇಕು ನನಗ. ಮತ್ತ ಎರಡು ಊರಿನ ಲೈಬ್ರರಿಗೂ ಹೋಗಿ ಬಂದೆ. ಅಲ್ಲೂ ಬೈಂಡ್ ಮಾಡಿಟ್ಟಾರ, ಕವರ್ ಕಿತ್ತಾರ. ಎಲ್ಲಾರೂ ಕೂಡಿ ಠರಾವು ಮಾಡಿದಂಗ!”

“ಕವರಿನ್ಯಾಗ ಏನಿತ್ತು?”

“ನಮ್ಮಪ್ಪ ಓದಿದ ಶಾಸನ. ನಾನು ವಿಶಾಖಾ ಅಂತ್ರಿ. ನಮ್ಮಪ್ಪನ ಹೆಸರು ಮಚ್ಚೇಂದ್ರ, ನಾರಾಯಣಪುರ. ಅವರೇ ಹೇಳಿದರು, ಹುಮನಾಬಾದ್ ಕಾಲೇಜಿನ್ಯಾಗ ನನ್ನ ಹೆಸರು ನಾ ಕಣ್ಣಾರೆ ನೋಡೇನಿ, ಅಲ್ಲೇ ಹೋಗು ಅಂತ.”

ಮಚ್ಚೇಂದ್ರ ಆ ಹೆಸರನ್ನು ನೋಡಿದಾಗ ಅವನ ಪಕ್ಕದಲ್ಲಿ ನಿಂತಿದ್ದವನು ನಾನೇ.

ಹದಿನೆಂಟು ವರ್ಷದ ಹಿಂದಿನ ಮಾತು. ‘ಕಲ್ಲುಮಾತು’ ಬಸವಕಲ್ಯಾಣದಿಂದ ಬರುತ್ತಿದ್ದ ತ್ರೈಮಾಸಿಕ. ಸುತ್ತಲಿನ ಶಾಸನಗಳು, ಹಾಳುಗುಡಿಗಳು, ಹಳೆಯ ಕಾಗದಪತ್ರಗಳ ಬಗ್ಗೆ ಲೇಖನಗಳಿರುತ್ತಿದ್ದವು. ಬಸವಣಪ್ಪ ಎಂಬ ಹೈಸ್ಕೂಲು ಮಾಸ್ತರರು ತಮ್ಮದೇ ಅಚ್ಚುಕೂಟದಲ್ಲಿ ಅದನ್ನು ಮುದ್ರಿಸುತ್ತಿದ್ದರು. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆ ಅವರಿಗೆ ಹೋಗುತ್ತಿತ್ತು, ಅವರ ಪತ್ರಿಕೆ ನಮಗೆ ಬರುತ್ತಿತ್ತು. ಒಂದು ಸಲ ಅವರು ಹಳೆಯ ಅಕ್ಷರಗಳ ಪಟ್ಟಿಯೊಂದನ್ನು ಅಚ್ಚು ಹಾಕಿದ್ದರು. ನಾರಾಯಣಪುರದಲ್ಲಿ ಕಲ್ಲು ಒಡೆಯುತ್ತಿದ್ದ ಮಚ್ಚೇಂದ್ರ ಆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಊರ ಗುಡಿಯ ಗೋಡೆಯ ಮೇಲೆ ಹೊಂದಿಸಿ ನೋಡುತ್ತ ಓದಲು ಕಲಿತನಂತೆ. ಆಮೇಲೆ ಒಂದು ದಿನ, ರಸ್ತೆಗೆ ಹಾಕುವ ಖಡಿ ಮಾಡಲೆಂದು ತಂದು ಹಾಕಿದ್ದ ಕಲ್ಲಿನ ರಾಶಿಯಲ್ಲಿ ಬರಹವಿದ್ದ ಕಲ್ಲು ಸಿಕ್ಕಿತು. ಅದನ್ನು ಓದಿ, ಸುದ್ದಿಪತ್ರಿಕೆಯ ಮೇಲೆ ಇದ್ದಿಲಿನಿಂದ ತಿಕ್ಕಿ ಪ್ರತಿ ತೆಗೆದು ಮಾಸ್ತರರಿಗೆ ಮುಟ್ಟಿಸಿದ.

ಸಂಚಿಕೆ ಬಂದ ವಾರ ಅವನು ಬಿಳಿ ಅಂಗಿ ತೊಟ್ಟು ನಮ್ಮಲ್ಲಿಗೆ ಬಂದಿದ್ದ. ನಾನು ಕೊಟ್ಟ ಕೂಡಲೇ ಬೋರಲು ಹಾಕಿ ಹಿಂದಿನಿಂದ ತೆರೆದ. ಐದು ಸಾಲು ಶಾಸನ. ದಾರಿಹೋಕರ ಅರವಟ್ಟಿಗೆಗೆ ಯಾರೋ ಎರಡು ಮತ್ತರು ಹೊಲ ಬಿಟ್ಟದ್ದು. ಕೆಳಗೆ, “ಕಂಡವರು, ಓದಿದವರು: ಮಚ್ಚೇಂದ್ರ, ಕಲ್ಲು ಒಡೆಯುವವರು, ನಾರಾಯಣಪುರ.” ಅವನು ಬೆರಳಿಟ್ಟು, ಒಂದೊಂದು ಅಕ್ಷರಕ್ಕೂ ಸುತ್ತಿಗೆ ಎತ್ತಿ ಇಳಿಸಿದ ಹಾಗೆ ತಡೆತಡೆದು ಓದಿದ. ನನಗೆ ತಡೆಯಲಾಗಲಿಲ್ಲ. ಸಂಚಿಕೆಯನ್ನು ಅವನ ಕೈಯಿಂದ ತೆಗೆದುಕೊಂಡು ಅವನದೇ ದನಿಯಲ್ಲಿ ಪೂರ್ತಿ ಓದಿದೆ. ಓದುವ ಕೋಣೆಯೆಲ್ಲ ನಕ್ಕಿತು. ಮಚ್ಚೇಂದ್ರನೂ ನಕ್ಕ. “ಖರೇನೇ ನನ್ನಂಗ ಓದಿದ್ರಿ ಸರ್” ಎಂದ.

“ಸರ್?” ವಿಶಾಖಾ ಕರೆದಳು.

“ನಿಮ್ಮಪ್ಪನ ಹತ್ರ ಒಂದು ಪ್ರತಿ ಇರಬೇಕಲ್ಲಾ?”

“ಇತ್ರಿ. ರಸ್ತೆಯ ಗುತ್ತೇದಾರಗ ತೋರಿಸಾಕ ಒಯ್ದಿದ್ದರು, ಈ ಕಲ್ಲು ಒಡೀಬ್ಯಾಡ್ರಿ, ನೋಡ್ರಿ ಅಚ್ಚಾಗ್ಯಾದ ಅಂತ. ಅಂವ ಓದಿ ಕೊಡ್ತೀನಿ ಅಂತ ಹಾಳಿ ಇಟಗೊಂಡ. ಕಲ್ಲು ಒಡೆಸಿದ.” ಅವಳು ಬಾಟಲಿಯ ಮುಚ್ಚಳ ತಿರುವುತ್ತಿದ್ದಳು. “ನನ್ನ ಪಿಎಚ್.ಡಿ.ಯ ನಾಕನೇ ಅಧ್ಯಾಯ ಪೂರಾ ಆ ಶಾಸನದ ಮ್ಯಾಲೇ ನಿಂತದ. ಅಚ್ಚಾದ ಹಾಳಿ ತೋರಿಸಿದರ ಇರಲಿ, ಇಲ್ಲಂದ್ರ ತೆಗಿ ಅಂದಾರ ಗೈಡು. ಮುಂದಿನ ತಿಂಗಳು ಹದಿನೈದಕ್ಕ ಸಲ್ಲಿಸಬೇಕು.”

ಆಗಲೇ ಹೇಳಬೇಕಿತ್ತು. “ಬಸವಣಪ್ಪ ಮಾಸ್ತರ ಮನ್ಯಾಗ ಇರಬಹುದು. ನಾಳೆ ಐತವಾರ ಅದ, ಹೋಗೂಣು ನಡಿ” ಎಂದುಬಿಟ್ಟೆ. ಸಿಕ್ಕರೆ ನಾನು ಏನೂ ಹೇಳಬೇಕಾಗಿ ಬರುವುದಿಲ್ಲ ಎಂಬ ಆಸೆ.

ಬಸವಣಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಸವಕಲ್ಯಾಣದ ಅಚ್ಚುಕೂಟದ ಜಾಗದಲ್ಲಿ ಈಗ ಫ್ಲೆಕ್ಸ್ ಅಂಗಡಿ. ಅವರ ಹೆಂಡತಿ ಸುಂದರಬಾಯಿ ಗಲ್ಲಾದ ಹಿಂದೆ ಕೂತು, ಯಾರದೋ ಹುಟ್ಟುಹಬ್ಬದ ಬ್ಯಾನರಿನಲ್ಲಿ ಹೆಸರು ಸರಿಯಾಗಿದೆಯೇ ಎಂದು ಕನ್ನಡಕ ಏರಿಸಿ ನೋಡುತ್ತಿದ್ದರು.

“ಕಲ್ಲುಮಾತು?” ಅವರು ವಿಶಾಖಾಳನ್ನು ಮೇಲಿಂದ ಕೆಳಗೆ ನೋಡಿದರು. “ಎಷ್ಟು ದಿನಕ್ಕ ಕೇಳಾಕ ಬಂದಿಯವ್ವಾ! ಕೂಡು, ಕೂಡು. ಚಾ ತರಸ್ತೀನಿ.”

“ಆಯಿ, ಮನ್ಯಾಗ ಹಳೇ ಸಂಚಿಕೆ ಅದಾವೇನ್ರಿ?”

“ಮನ್ಯಾಗ ಎಲ್ಲಿಂದು? ಗೆದ್ದಲ ಹತ್ತಿತ್ತು ನೋಡು. ಇವರು ದಿನಾ ಬಿಸಲಿಗೆ ಹಾಕೋದು, ಝಾಡಿಸೋದು. ಕಡೀಕ ಒಂದು ಆಟೋ ಮಾಡಿ, ಇದ್ದಬಿದ್ದ ಸಂಚಿಕಿ ಎಲ್ಲಾ ಹುಮನಾಬಾದ್ ಲೈಬ್ರರಿಗೆ ಹಾಕಿ ಬಂದರು. ಮನಿಗೆ ಗೆದ್ದಲ ಬರ್ತದ, ಲೈಬ್ರರಿಗೆ ಬರಂಗಿಲ್ಲ ಅಂದರು.” ನನ್ನತ್ತ ತಿರುಗಿದರು. “ನೀವು ಅಲ್ಲಿಯವರೇ ಅಲ್ಲೇನ್ರಿ? ಚಂದಾಗಿ ಇಟ್ಟೀರಲ್ಲಾ?”

ನಾನು ಚಹಾದ ಲೋಟದೊಳಗೆ ನೋಡಿದೆ. ಆ ಆಟೋ ನನಗೆ ನೆನಪಿತ್ತು, ಆದರೂ ಒಂದೊಂದು ಪ್ರತಿಯನ್ನಾದರೂ ಮನೆಯಲ್ಲಿ ಉಳಿಸಿಕೊಂಡಿರುತ್ತಾರೆ ಎಂದುಕೊಂಡಿದ್ದೆ. ಎರಡೆರಡು ಪ್ರತಿ ಇಡಲು ಜಾಗವಿಲ್ಲವೆಂದು, ಅವರು ತಂದದ್ದನ್ನು ಹಿಂದಿನ ಕೋಣೆಯ ರದ್ದಿಗೆ ಸೇರಿಸಿದ್ದೆ.

“ಆಯಿ, ಒಂದು ಮಾತು. ನಮ್ಮಪ್ಪಂದು ಒಳಗಿನ ಪುಟದಾಗ ಹಾಕದೇ ಕವರಿನ್ಯಾಗ ಯಾಕ ಹಾಕಿದರು?” ಎಂದಳು ವಿಶಾಖಾ. ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯಿರಬೇಕು. “ಸಾಲಿ ಕಲೀಲಾರದವರು ಅಂತಾ?”

“ಛೇ ಛೇ. ನಾನೂ ಹಂಗೇ ಕೇಳಿದ್ದೆನವ್ವಾ. ಪ್ರೊಫೆಸರಗೋಳ ಬರಹ ಯಾರೂ ತೆರದು ನೋಡಂಗಿಲ್ಲ, ಕವರ್ ಎಲ್ಲಾರೂ ತಿರುವಿ ನೋಡ್ತಾರ, ದುಡದು ಬರೆದವರಿಗೆ ಕವರಿನ ಜಾಗಾ ಅಂದಿದ್ದರು.” ಬ್ಯಾನರನ್ನು ಮಡಚಿಡುತ್ತ, “ಯಾರ ಹೆಸರು ಯಾವುದರಾಗ ಬಂತು ಅನ್ನೋದು ನನಗ ನೆನಪಿಲ್ಲ ಬಾಯಿ. ನಾ ಹಾಳಿ ಮಡಚತಿದ್ದೆ, ಓದತಿದ್ದಿಲ್ಲ” ಎಂದರು.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಈ ಕಡೆ ನಾನು. ಊರು ದಾಟಿದ ಮೇಲೆ ಅವಳೇ ಕೇಳಿದಳು. “ಸರ್, ಅಷ್ಟು ಸಂಚಿಕೆ ಆಟೋದಾಗ ಬಂದವು ಅಂದರಲ್ಲ, ಅವು ಎಲ್ಲಿ ಹೋದವು?”

ಹೇಳಿದೆ. ಎಲ್ಲವನ್ನೂ. ಮೊದಲು ಮಾನ್ಯತೆ ಪಡೆದ ಪತ್ರಿಕೆಗಳ ಪಟ್ಟಿ ಬಂತು. ಅದರಲ್ಲಿ ಇಲ್ಲದ ಪತ್ರಿಕೆಗೆ ಬರೆದರೆ ಬಡ್ತಿಗೆ ಅಂಕವಿಲ್ಲವೆಂದು ನಮ್ಮ ಅಧ್ಯಾಪಕರು ‘ಕಲ್ಲುಮಾತಿ’ಗೆ ಬರೆಯುವುದನ್ನು ಬಿಟ್ಟರು. ಪತ್ರಿಕೆ ನಿಂತಿತು. ನಂತರ ಹೈದರಾಬಾದಿನಿಂದ ಒಂದು ಕಂಪನಿಯವರು ಬಂದರು. ಹಳೆಯ ಸಂಪುಟಗಳನ್ನು ಕೊಟ್ಟರೆ ಸ್ಕ್ಯಾನ್ ಮಾಡುತ್ತೇವೆ, ಮೂರು ವರ್ಷ ನಿಮಗೆ ಪುಕ್ಕಟೆ ಲಾಗಿನ್ ಎಂದರು. ಸ್ಕ್ಯಾನಿಗೆ ಹಾಳೆ ಬಿಡಿಬಿಡಿ ಬೇಕೆಂದು ಸಂಪುಟಗಳ ಬೆನ್ನು ಕೊಯ್ದರು. ತಿರುಗಿ ಕೊಡಲಿಲ್ಲ, ನಾವೂ ಕೇಳಲಿಲ್ಲ. ಕಪಾಟು ಖಾಲಿಯಾಯಿತೆಂದು ಪ್ರಿನ್ಸಿಪಾಲರು ಖುಷಿಪಟ್ಟು ಅಲ್ಲಿ ನಾಲ್ಕು ಕಂಪ್ಯೂಟರ್ ಇಡಿಸಿದರು. ಮೂರು ವರ್ಷ ಮುಗಿದ ಮರುದಿನ ಲಾಗಿನ್ನಿಗೆ ಬೀಗ ಬಿತ್ತು. ಹಿಂದಿನ ಕೋಣೆಯಲ್ಲಿ ಉಳಿದದ್ದೆಲ್ಲ ದಾಖಲೆಯಲ್ಲಿ ರದ್ದಾಯಿತು, ರದ್ದಾದದ್ದು ರದ್ದಿಯಾಯಿತು.

“ಮತ್ತ ಕವರ್? ಅದು ಕಂಪನಿಯವರು ಬರೋಕಿಂತ ಮೊದಲೇ ಹೋಗಿತ್ತಲ್ರಿ?”

“ಅದು ನಾನೇ.”

ಬೈಂಡರ್ ಫಾಜಿಲ್ ಅಂದು ಆ ಸಂಚಿಕೆಯನ್ನು ಹಿಡಿದುಕೊಂಡು ಬಂದು, “ಸಾಬ್, ಇದರ ಕವರಿನ ಒಳಗ ಬರಹ ಅದ. ತೆಗೀಲ್ಯಾ?” ಎಂದು ಕೇಳಿದ್ದ. ಓದಲು ಬಾರದವನಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ. ನಾನು ಮೇಷ್ಟ್ರ ಮೂಗಿನ ದನಿಯಲ್ಲಿ, “ಬೈಂಡು ಬಂದ ಮೇಲೆ ಅದಕ್ಕೆ ನಿವೃತ್ತಿ!” ಎಂದೆ. ಫಾಜಿಲ್ ಚಹಾ ಚೆಲ್ಲುವಷ್ಟು ನಕ್ಕ. ನಗುತ್ತಲೇ ಕಿತ್ತ.

ಹುಮನಾಬಾದಿನಲ್ಲಿ ಇಳಿಯುವಾಗ ವಿಶಾಖಾ, “ಆ ಫಾಜಿಲ್ ಕಾಕಾ ಇದ್ದಾರೇನ್ರಿ?” ಎಂದಳು.

ಇದ್ದ. ಹುಡಗಿ ಎಂಬ ಹಳ್ಳಿಯಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದ ಫಾಜಿಲ್ ಈಗ ಮಾರುಕಟ್ಟೆಯ ಮೂಲೆಯಲ್ಲಿ ಆಧಾರ್ ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಸುತ್ತಾನೆ.

“ಅರೇ ಗುರುನಾಥ ಸಾಬ್! ಯಾರ ದನಿ ತಂದೀರಿ ಇವತ್ತ?” ಎಂದ.

ವಿಷಯ ಕೇಳಿದ ಮೇಲೆ ನಗು ನಿಲ್ಲಿಸಿ ಯೋಚಿಸಿದ. “ನಾ ಹಾಳಿ ಚೆಲ್ಲಾವಲ್ಲ ಬೇಟಿ. ರಟ್ಟು ತೆಳ್ಳಗಿದ್ದರ ಹಳೇ ಕವರ್ ಅಂಟಿಸಿ ದಪ್ಪ ಮಾಡ್ತಿದ್ದೆ. ಆ ವರ್ಷ... ಸಾಬ್, ಅದೇ ಸಲ ನಿಮ್ಮದೊಂದು ದೊಡ್ಡ ರಜಿಸ್ಟರ್ ಬಂದಿತ್ತಲ್ಲಾ? ಕೆಂಪು ಬೆನ್ನಿಂದು? ಅದರ ಅಳತಿಗೆ ರಟ್ಟು ಸಿಗಲಾರದಕ್ಕ ಜೋಡಿಸಿ ಮಾಡಿದ್ದೆ.”

ಅದು ಪುಸ್ತಕ ದಾಖಲೆಯ ರಜಿಸ್ಟರ್. ಗ್ರಂಥಾಲಯದ ಪುಸ್ತಕಗಳೆಲ್ಲ ಹೋದರೂ ಅದನ್ನು ಮಾತ್ರ ರದ್ದಿಗೆ ಹಾಕುವಂತಿಲ್ಲ. ಹದಿನೇಳು ವರ್ಷ ಅದರ ಮೇಲೆ ಮೊಳಕೈ ಊರಿಕೊಂಡು ಜನರಿಗೆ “ಇಲ್ಲ” ಎಂದು ಹೇಳುತ್ತ ಬಂದಿದ್ದೇನೆ.

ಸೋಮವಾರ ಫಾಜಿಲ್ ತನ್ನ ಹಳೆಯ ಚಾಕು, ಒಂದು ಬಟ್ಟೆ ತಂದ. ರಜಿಸ್ಟರಿನ ಹಿಂದಿನ ರಟ್ಟನ್ನು ಬಿಡಿಸಿ, ಒದ್ದೆ ಬಟ್ಟೆ ಹೊದಿಸಿ ಒಂದು ತಾಸು ಇಟ್ಟ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ್ದರಿಂದ ಹುಳ ಮುಟ್ಟಿಲ್ಲ ನೋಡ್ರಿ ಎಂದು ತೋರಿಸಿದ. ಆಮೇಲೆ ಪದರು ಪದರಾಗಿ ಎಬ್ಬಿಸಿದ. ಮೊದಲಿಗೆ ಒಂದು ಔಷಧದ ಜಾಹೀರಾತು. ಬಳಿಕ ‘ಕಲ್ಲುಮಾತಿ’ನ ನೀಲಿ ಕವರು, ಬೇರೆ ಸಂಚಿಕೆಯದು. ಇನ್ನೊಂದು. ಮತ್ತೊಂದು. ಐದನೆಯದನ್ನು ತಿರುಗಿಸಿದಾಗ ವಿಶಾಖಾ ಕುರ್ಚಿಯಿಂದ ಎದ್ದಳು.

ಇದ್ದಿಲಿನ ಪ್ರತಿಯ ಚಿತ್ರವಿತ್ತು. ಕೆಳಗೆ ಒಂದು, ಎರಡು, ಮೂರು, ನಾಲ್ಕು, ಐದು ಸಾಲು. ಅಂಟಿನ ಕಲೆಯ ನಡುವೆಯೂ ಓದುವಂತಿದ್ದವು. ಅರವಟ್ಟಿಗೆ, ಎರಡು ಮತ್ತರು, ಎಲ್ಲ. ಅದರ ಕೆಳಗೆ ಫಾಜಿಲ್‌ನ ಚಾಕು ಓಡಿತ್ತು. ರಟ್ಟಿನ ಅಳತೆಗೆ ಸರಿಯಾಗಿ ಎರಡು ಬೆರಳಗಲ ಕೊಯ್ದು ತೆಗೆದಿತ್ತು. ಹೆಸರಿನ ಸಾಲಿನಲ್ಲಿ ಉಳಿದದ್ದು ಅಕ್ಷರಗಳ ತಲೆಕಟ್ಟು ಮಾತ್ರ. ಮೈಯಿಲ್ಲದ ತಲೆಕಟ್ಟುಗಳು, ಒಂದರ ಪಕ್ಕ ಒಂದು.

“ಕೊಯ್ದ ಚೂರು, ಕಾಕಾ?”

ಫಾಜಿಲ್ ಬಟ್ಟೆ ಹಿಂಡುತ್ತ ತಲೆ ತಗ್ಗಿಸಿದ. “ಚೂರು ಒಲಿಗೆ ಹಾಕ್ತಿದ್ದೆ ಬೇಟಿ.”

“ಅಲ್ಲೇನಿತ್ತು ಅನ್ನೋದು ನನಗ ಬಾಯಿಪಾಠ ಅದ” ಎಂದೆ. “ಕಂಡವರು, ಓದಿದವರು, ಮಚ್ಚೇಂದ್ರ, ಕಲ್ಲು ಒಡೆಯುವವರು, ನಾರಾಯಣಪುರ. ನಿಮ್ಮ ಗೈಡಿಗೆ ಫೋನ್ ಹಚ್ಚು, ನಾ ಹೇಳ್ತೀನಿ.”

ಅವಳು ಹಚ್ಚಿದಳು. ಅವಳ ಗೈಡು ಮೊದಲು ನಮ್ಮ ಕಾಲೇಜಿನಲ್ಲೇ ಇದ್ದವರು. ಒಮ್ಮೆ ನಾನು ಕುಲಪತಿಗಳ ದನಿಯಲ್ಲಿ ಫೋನ್ ಮಾಡಿ ಅವರನ್ನು ಇಲ್ಲದ ಸಭೆಗೆ ಕಲಬುರಗಿಗೆ ಕಳಿಸಿದ್ದೆ. ಅದು ಕಾಲೇಜಿನಲ್ಲಿ ಒಂದು ವರ್ಷ ಓಡಿದ ಹಾಸ್ಯ. ನಾನು ಐದು ನಿಮಿಷ ಒಂದೇ ಉಸಿರಿಗೆ ವಿವರಿಸಿದೆ.

“ಗುರುನಾಥ, ಇದು ಯಾರ ದನಿ?” ಎಂದರು ಅವರು ಕೊನೆಗೆ.

“ನಂದೇ ಸರ್.”

“ನೀ ಹೇಳೋದು ಖರೆ ಇರಬಹುದಪ್ಪಾ. ಆದರ ಪರೀಕ್ಷಕರ ಮುಂದ ನಿನ್ನ ಮಾತು ಸಾಕ್ಷಿ ಅಂತ ಹ್ಯಾಂಗ ಇಡಲಿ? ಅರ್ಧ ಜಿಲ್ಲಾದ ದನಿ ನಿನ್ನ ಗಂಟಲದಾಗ ಅದ. ಆ ಹಾಳಿಗೆ ಒಂದು ದಾಖಲಿ ಮಾಡಿಕೊಡು, ನೋಡೂಣು.”

ರಜಿಸ್ಟರನ್ನು ಬಿಸಿಲಿಗಿಟ್ಟು ಒಣಗಿಸಿದೆ. ಎರಡು ವರ್ಷದಿಂದ ಅದರಲ್ಲಿ ಹೊಸ ನಮೂದು ಇರಲಿಲ್ಲ. ಈಗ ಬರುವುದೆಲ್ಲ ಪಾಸ್‌ವರ್ಡು, ಅದಕ್ಕೆ ದಾಖಲೆ ನಂಬರಿಲ್ಲ. ಮುಂದಿನ ನಂಬರು ಹಾಕಿ ಬರೆದೆ. ಕರ್ತೃ ಎಂಬ ಅಂಕಣದಲ್ಲಿ: ಮಚ್ಚೇಂದ್ರ, ನಾರಾಯಣಪುರ. ಶೀರ್ಷಿಕೆ: ಅರವಟ್ಟಿಗೆಯ ಶಾಸನದ ಓದು, ‘ಕಲ್ಲುಮಾತು’ ೧೧–೩, ಹಿಂಬದಿ ರಕ್ಷಾಪುಟದ ಒಳಮೈ. ಷರಾ ಎಂಬ ಕೊನೆಯ ಅಂಕಣದ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು. “ಬೈಂಡಿಂಗಿನಲ್ಲಿ ಹಾನಿ” ಎಂದು ಬರೆದರೆ ಸಾಕಿತ್ತು, ನಾವು ಯಾವಾಗಲೂ ಬರೆಯುವುದು ಅದನ್ನೇ. “ಕೆಳಭಾಗ, ಕರ್ತೃವಿನ ಹೆಸರು ಸಹಿತ, ಗ್ರಂಥಾಲಯ ಸಹಾಯಕ ಗುರುನಾಥನ ಸೂಚನೆಯಿಂದ ನಷ್ಟವಾಗಿದೆ” ಎಂದು ಬರೆದು ರುಜು ಹಾಕಿದೆ. ಹಾಳೆಯ ಮೂಲೆಗೆ ನೇರಳೆ ಮುದ್ರೆ ಒತ್ತಿದೆ. ವಿಶಾಖಾ ಎರಡರದೂ ಫೋಟೋ ತೆಗೆದುಕೊಂಡಳು. “ಬರ್ತೀನ್ರಿ ಸರ್” ಎಂದಷ್ಟೇ ಹೇಳಿದಳು.

ಏಪ್ರಿಲಿನಲ್ಲಿ ಅವಳಿಂದ ಒಂದು ಕೊಂಡಿ ಬಂತು. ಪ್ರಬಂಧ ಸಲ್ಲಿಕೆಯಾಗಿತ್ತು, ನಾಲ್ಕನೇ ಅಧ್ಯಾಯ ಉಳಿದಿತ್ತು. ಅಡಿಟಿಪ್ಪಣಿ ಹುಡುಕಿದೆ. “ಈ ಶಾಸನವನ್ನು ಓದಿದವರು ಮಚ್ಚೇಂದ್ರ, ನಾರಾಯಣಪುರ, ಎಂದು ಗ್ರಂಥಾಲಯ ಸಹಾಯಕ ಗುರುನಾಥ ಅವರ ಹೇಳಿಕೆ.” ಗೈಡು ಅಷ್ಟಕ್ಕೆ ಮಾತ್ರ ಒಪ್ಪಿದ್ದರಂತೆ. ಬಸವಣಪ್ಪನವರು ಕೊಟ್ಟ ಜಾಗದಲ್ಲಿ ಯಾರ ಹಂಗೂ ಇಲ್ಲದೆ ನಿಂತಿದ್ದ ಹೆಸರು ಈಗ ನನ್ನ ಹೇಳಿಕೆಗೆ ಆತು ನಿಂತಿತ್ತು. ‘ಕಲ್ಲು ಒಡೆಯುವವರು’ ಎಂಬುದಂತೂ ಉಳಿಯಲೇ ಇಲ್ಲ.

ಅದನ್ನು ನೋಡುತ್ತಿದ್ದಾಗಲೇ ಫೋನ್ ಬಂತು. ವಿಶಾಖಾಳ ನಂಬರು, ದನಿ ಅವಳದಲ್ಲ.

“ಜೈಭೀಮ್ ಸರ್. ನಾ ಮಚ್ಚೇಂದ್ರ. ಗುರ್ತು ಹತ್ತಿತೇನ್ರಿ?”

“ಹತ್ತಿತ್ರಿ.” ಮೊದಲ ಸಲ ಅವರಿಗೆ ‘ರಿ’ ಹಚ್ಚಿದೆ.

“ಮಗಳು ಎಲ್ಲಾ ಹೇಳಿದಳು.” ಒಮ್ಮೆ ಒಣಕೆಮ್ಮು ಕೆಮ್ಮಿದರು. “ಆ ಕಲ್ಲು ಹೋತು, ಹಾಳೀನೂ ಅರ್ಧ ಹೋತು. ನೀವು ಅವತ್ತ ನನ್ನಂಗ ಓದಿದ್ರಲ್ಲ, ಆ ಹೆಸರಿನ ಸಾಲು? ಅದೊಂದು ಸಲ ಓದ್ರಿ ಸರ್. ನನ್ನ ದನಿ ಈಗ ಹಂಗ ಉಳದಿಲ್ಲ, ಧೂಳು ತಿಂದದ. ಕೇಳಬೇಕನಿಸ್ಯಾದ.”

ಬಾಯಿ ತೆರೆದೆ. ಆ ದನಿ ನನ್ನೊಳಗೆಲ್ಲೋ ಹದಿನೆಂಟು ವರ್ಷದಿಂದ ಇತ್ತು, ಎಷ್ಟೋ ಸಲ ತೆಗೆದು ಜನರಿಗೆ ತೋರಿಸಿದ್ದೆ. ಗಂಟಲು ಸರಿಮಾಡಿಕೊಂಡೆ. “ಕಂಡವರು, ಓದಿದವರು, ಮಚ್ಚೇಂದ್ರ, ಕಲ್ಲು ಒಡೆಯುವವರು, ನಾರಾಯಣಪುರ” ಎಂದು ಓದಿದೆ.

“ಇದು ನನ್ನಂಗ ಇಲ್ರಿ ಸರ್.”

“ಇಲ್ರಿ” ಎಂದೆ. “ಆ ದನಿ ಬರವಲ್ದು.”